ಉಳುವವನ ವಕಾಲತ್ತು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ನೆಲವನ್ನು ಹಿಂದಿನವರು ಎಡೆದೊರೆನಾಡು ಎಂದು ಕರೆದರು. ರಾಯಚೂರು ಈ ನಾಡಿನ ಮುಖ್ಯ ಪಟ್ಟಣ. ಕೃಷ್ಣೆಯ ಕಡೆಗೆ ದೇವದುರ್ಗವಿದೆ, ತುಂಗಭದ್ರೆಯ ಕಡೆಗೆ ಮಾನ್ವಿ ಇದೆ. ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರು ನೆಲಸಿದ ಮಾನ್ವಿ ಇವೆಲ್ಲ ಈ ಸೀಮೆಯವೇ. ದಾಸರು ತಿಳಿಗನ್ನಡದಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ ಈ ನೆಲದಲ್ಲಿಯೇ, ರೈತನು ತನ್ನ ಹೊಲದ ಕಾಗದವನ್ನು ತಾನು ಓದಲಾರದೆ ತಲೆಮಾರುಗಳನ್ನು ಕಳೆದನೆಂಬುದು ವಿಚಿತ್ರವಾದರೂ ನಿಜ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ ಮತ್ತು ನ್ಯಾಯಾಲಯಗಳ ಭಾಷೆ ಮೊದಲು ಪಾರಸಿ, ಅನಂತರ ಉರ್ದು. ಅರ್ಜಿ ಬರೆಯುವವನೊಬ್ಬ, ಅದನ್ನು ಓದಿ ಹೇಳುವವನೊಬ್ಬ, ವಾದಿಸುವವನು ಮತ್ತೊಬ್ಬ. ಇವರೆಲ್ಲರ ಕೈಗೆ ಹಣವಿಟ್ಟ ಮೇಲೆ ತನ್ನ ಪರವಾಗಿ ಏನು ನುಡಿಯಲಾಯಿತೆಂಬುದು ಕೂಡ ಆ ರೈತನಿಗೆ ತಿಳಿಯುತ್ತಿರಲಿಲ್ಲ.

ಭಾಷೆಯೊಂದೇ ಅಡ್ಡಿಯಾಗಿರಲಿಲ್ಲ. ದಾವೆ ಹೂಡಬೇಕಾದರೆ ನ್ಯಾಯಾಲಯದ ಶುಲ್ಕ ಕಟ್ಟಬೇಕು, ವಕೀಲನನ್ನು ಗೊತ್ತುಮಾಡಬೇಕು, ಸಾಕ್ಷಿಗಳ ಬುತ್ತಿ ಬಾಡಿಗೆಗಳನ್ನು ನೋಡಿಕೊಳ್ಳಬೇಕು. ವಾಯಿದೆ ಬಿದ್ದ ದಿನವೆಲ್ಲ ಕೂಲಿಯನ್ನು ಕಳೆದುಕೊಳ್ಳಬೇಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಕನ್ನಡ ನಾಡಿನಲ್ಲೆಲ್ಲ ಹುಟ್ಟಿ ಬೆಳೆದದ್ದು ಸುಮ್ಮನೆ ಅಲ್ಲ. ಬಡವನಿಗೆಂದು ಕಾನೂನಿನಲ್ಲಿ ಒಂದು ಕಿಂಡಿಯೇನೋ ಇತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ನಿರ್ಗತಿಕನೆಂದು ರುಜುವಾತು ಮಾಡಿಕೊಟ್ಟವನನ್ನು ಆರಂಭದ ಶುಲ್ಕದಿಂದ ಬಿಡುಗಡೆ ಮಾಡುತ್ತಿತ್ತು. ಆದರೆ ಹಾಗೆ ಬಿಡುಗಡೆಯಾದವನಿಗೆ ವಕೀಲನನ್ನು ಕೊಡಬೇಕೆಂದು ಅದು ಹೇಳಿರಲಿಲ್ಲ. ಆ ಸಂಹಿತೆಯಲ್ಲಿ ನಿರ್ಗತಿಕನಿಗೆ ಬಳಸಿದ ಇಂಗ್ಲಿಷ್ ಮಾತೇ ಪಾಪರ್ ಎಂಬುದು. ನಮ್ಮ ಜನ ಅದನ್ನು ಎತ್ತಿಕೊಂಡು ಪಾಪರ್ ಚೀಟಿ ಎಂಬ ಮಾತನ್ನು ಮಾಡಿಕೊಂಡರು. ಅದು ಬಡವನ ಹಕ್ಕಿನ ಹೆಸರಾಗದೆ ದಿವಾಳಿಯಾದವನ ಅವಮಾನದ ಹೆಸರಾಗಿ ಉಳಿಯಿತು. ಹಕ್ಕನ್ನು ಪಡೆಯಲು ಮೊದಲು ಮಾನವನ್ನು ಕಳೆದುಕೊಳ್ಳಬೇಕಾದಲ್ಲಿ ಎಷ್ಟು ಮಂದಿ ಮುಂದೆ ಬಂದಾರು?

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದೊಡನೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1950ರಲ್ಲಿ ಬಂದ ಗೇಣಿ ಕಾಯಿದೆಯು ಬಹುಕಾಲ ಉಳುಮೆ ಮಾಡಿದವರನ್ನು ರಕ್ಷಿತ ಗೇಣಿದಾರರೆಂದು ಹೆಸರಿಸಿ, ಅವರನ್ನು ಸುಲಭವಾಗಿ ಹೊರಹಾಕಲಾಗದಂತೆ ಕಟ್ಟುಮಾಡಿತು. ಕಾಗದದ ಮೇಲೆ ಅದು ಆ ಕಾಲದ ಒಳ್ಳೆಯ ಕಾಯಿದೆಗಳಲ್ಲಿ ಒಂದು. ಮುಂದೆ ಅಲಿ ಮಹಮ್ಮದ್ ಖುಸ್ರೋ ಎಂಬ ಅರ್ಥಶಾಸ್ತ್ರಜ್ಞರು ಹೈದರಾಬಾದು ಪ್ರಾಂತದ ಹಳ್ಳಿಗಳಲ್ಲಿ ವಿಚಾರಿಸಿ, 1958ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ನೂರು ಮಂದಿ ರಕ್ಷಿತ ಗೇಣಿದಾರರಲ್ಲಿ ಸುಮಾರು 22 ಮಂದಿಯನ್ನು ಕೆಲವೇ ವರ್ಷಗಳಲ್ಲಿ ಕಾನೂನಿಗೆ ವಿರುದ್ಧವಾಗಿ ಹೊಲದಿಂದ ಎಬ್ಬಿಸಲಾಗಿತ್ತು. ಸುಮಾರು 18 ಮಂದಿ ತಾವಾಗಿಯೇ ಬಿಟ್ಟುಕೊಟ್ಟರೆಂದು ದಾಖಲೆಯಿತ್ತು. ತಾನು ಉತ್ತು ಬಿತ್ತಿದ ಹೊಲವನ್ನು ತಾನಾಗಿಯೇ ಬಿಟ್ಟುಕೊಡುವ ಒಕ್ಕಲಿಗನನ್ನು ಯಾರೂ ಕಂಡಿರಲಾರರು. ಒಡೆಯನ ಜಗುಲಿಯಲ್ಲಿ, ಓದಿ ಹೇಳದ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟಿಗೆ ಕಚೇರಿಯ ಭಾಷೆಯಲ್ಲಿ ಸ್ವಇಚ್ಛೆಯೆಂದು ಹೆಸರು. ಕಾಯಿದೆ ಇತ್ತು, ಆ ಕಾಯಿದೆಯನ್ನು ಹಿಡಿದು ಅವನ ಪರವಾಗಿ ನಿಂತು ಮಾತನಾಡುವವರು ಇರಲಿಲ್ಲ.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಈ ಜಿಲ್ಲೆಯ, ಹಾಗೂ ಇಡೀ ರಾಜ್ಯದ ಗೇಣಿದಾರರ ವ್ಯಾಜ್ಯವನ್ನು ಕೈಗೆತ್ತಿಕೊಂಡವರು ಈ ಸೀಮೆಯವರಲ್ಲ, ವಕೀಲರೂ ಅಲ್ಲ. ಅವರು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಒಕ್ಕಲು ಮನೆತನದಿಂದ ಬಂದ ದೇವರಾಜ ಅರಸು.

ದೇವರಾಜ ಅರಸು ಅವರು ಜನಿಸಿದ್ದು 1915ರ ಆಗಸ್ಟ್ 20ರಂದು. ಮೈಸೂರಿನ ರಾಜಮನೆತನದೊಡನೆ ನಂಟುಳ್ಳ ಅರಸು ಸಮುದಾಯ ಅವರದು. ಹೆಸರಿಗೆ ಅರಸರಾದರೂ ಕಲ್ಲಹಳ್ಳಿಯ ಮನೆಯಲ್ಲಿ ನೇಗಿಲು, ಎತ್ತು, ಮಳೆಯ ಲೆಕ್ಕಾಚಾರಗಳೇ ದಿನದ ಮಾತಾಗಿದ್ದವು. ಅವರ ಸೋದರ ಕೆಂಪರಾಜ ಅರಸು ಮುಂದೆ ಚಲನಚಿತ್ರರಂಗದಲ್ಲಿ ನಟರಾಗಿ, ನಿರ್ದೇಶಕರಾಗಿ ಹೆಸರು ಮಾಡಿದರು. ದೇವರಾಜರು ಮೈಸೂರಿನ ಅರಸು ವಿದ್ಯಾರ್ಥಿಗಳ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ಎತ್ತರದ ಆಳು, ಗರಡಿಯಲ್ಲಿ ಪಳಗಿದ ಮೈಕಟ್ಟು. ಆ ಕಾಲದಲ್ಲಿ ಪದವೀಧರನಾದ ಅರಸು ತರುಣನಿಗೆ ಅರಮನೆಯಲ್ಲಿಯೋ ಸರ್ಕಾರದಲ್ಲಿಯೋ ಒಂದು ಕೆಲಸ ದೊರೆಯುವುದು ಕಷ್ಟವೇನೂ ಆಗಿರಲಿಲ್ಲ. ಅವರು ಹಳ್ಳಿಗೆ ಹಿಂದಿರುಗಿ ಬೇಸಾಯ ಹಿಡಿದರು. ಮುಂದೆ ಮುಖ್ಯಮಂತ್ರಿಯಾಗಿದ್ದಾಗ ನೆಲದ ವಿಷಯವನ್ನು ಕಡತದಿಂದ ಅರಿಯದೆ ಕೈಯಿಂದ ಅರಿತಿದ್ದರೆಂಬುದಕ್ಕೆ ಈ ವರ್ಷಗಳೇ ಕಾರಣ.

1941ರಲ್ಲಿ ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಚುನಾಯಿತರಾದರು. ಮರುವರ್ಷ ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು. ರಾಜನೆಂಟಸ್ತಿಕೆಯ ಮನೆತನದವರೊಬ್ಬರು ಕಾಂಗ್ರೆಸ್ಸಿನ ಪರವಾಗಿ ಜೈಲಿಗೆ ಹೋಗುವುದು ಆಗ ಸಣ್ಣ ಸಂಗತಿಯಲ್ಲ. 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಬಂದರು. 1962ರ ಬಳಿಕ ಸಚಿವರಾದರು. ಆದರೂ ಬಹುಕಾಲ ಅವರು ಮುಂದಿನ ಸಾಲಿನ ನಾಯಕರೆನಿಸಲಿಲ್ಲ. ರಾಜ್ಯದ ರಾಜಕಾರಣವನ್ನು ದೊಡ್ಡ ಸಮುದಾಯಗಳು ನಡೆಸುತ್ತಿದ್ದವು. ಅರಸು ಜನ ಲೆಕ್ಕಕ್ಕೆ ಸಿಗದಷ್ಟು ಚಿಕ್ಕವರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ರಾಜ್ಯದ ಹಿರಿಯರಲ್ಲಿ ಹೆಚ್ಚಿನವರು ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿಯವರ ಕಡೆಗೆ ಹೋಗಿ, ಬರಿದಾದ ಪಕ್ಷವನ್ನು ಹಳ್ಳಿಯ ಮಟ್ಟದಿಂದ ಕಟ್ಟಿದರು. ತಮ್ಮ ಹಿಂದೆ ದೊಡ್ಡ ಜಾತಿಯಿಲ್ಲದ ಈ ಕೊರತೆಯನ್ನೇ ಅವರು ಬಲವಾಗಿ ಮಾಡಿಕೊಂಡರು. ಅದುವರೆಗೆ ಯಾರೂ ಒಟ್ಟುಗೂಡಿಸದ ಚಿಕ್ಕಪುಟ್ಟ ಸಮುದಾಯಗಳನ್ನು, ಕಸುಬುದಾರರನ್ನು, ಹರಿಜನರನ್ನು, ಅಲ್ಪಸಂಖ್ಯಾತರನ್ನು ಒಂದೆಡೆ ತಂದರು. 1972ರ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. ಅದೇ ವರ್ಷ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿತವಾಯಿತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಇವು ಎಲ್ಲರೂ ಬಲ್ಲ ಸಂಗತಿಗಳು.

ಭೂಸುಧಾರಣೆಯ ಕಾಯಿದೆ ಅರಸರಿಗಿಂತ ಮೊದಲೇ ಇತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿ ಸೆರೆಮನೆ ಸೇರಿದ್ದರು. ಬಿ. ಡಿ. ಜತ್ತಿಯವರ ಸಮಿತಿಯ ವರದಿಯ ಆಧಾರದ ಮೇಲೆ 1961ರಲ್ಲಿ ಸಿದ್ಧವಾದ ಕಾಯಿದೆ 1965ರ ಗಾಂಧಿ ಜಯಂತಿಯಂದು ಜಾರಿಗೆ ಬಂದಿತು. ಆದರೆ ಅದರಲ್ಲಿ ಒಡೆಯನು ಸ್ವಂತ ಸಾಗುವಳಿಗೆಂದು ನೆಲವನ್ನು ಹಿಂದಕ್ಕೆ ಪಡೆಯಲು ದಾರಿಗಳು ಹಲವು ಇದ್ದವು. ವ್ಯಾಜ್ಯ ತೀರ್ಮಾನಿಸುವ ಕೆಲಸ ನ್ಯಾಯಾಲಯದ ಪದ್ಧತಿಯಲ್ಲಿ ನಡೆಯುತ್ತಿತ್ತು. ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಆ ದಿನ ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ, ಸೈನಿಕರಂಥ ಕೆಲವರದು ಹೊರತಾಗಿ, ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದವನು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿಕೊಂಡು, ತನ್ನ ಹಕ್ಕು ಸ್ಥಿರಪಟ್ಟರೆ, ಗೊತ್ತಾದ ಬೆಲೆಯನ್ನು ಕಂತುಗಳಲ್ಲಿ ತೆತ್ತು ಭೂಮಿಯನ್ನು ತನ್ನದಾಗಿ ಪಡೆಯಬಹುದಾಗಿತ್ತು. ಕುಟುಂಬವೊಂದು ಇಟ್ಟುಕೊಳ್ಳಬಹುದಾದ ನೆಲಕ್ಕೆ ಮಿತಿ ಬಿತ್ತು: ಮೊದಲ ದರ್ಜೆಯ ನೀರಾವರಿಯಾದರೆ 10 ಎಕರೆ, ಒಣಭೂಮಿಯಾದರೆ 54 ಎಕರೆ. ಪರರ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕನೂ ಆ ಗುಡಿಸಲಿನ ಒಡೆತನ ಕೇಳಬಹುದಾಗಿತ್ತು.

ಅರಸರ ಕಾಯಿದೆಯ ಜೀವವಿದ್ದುದು ಈ ಹಕ್ಕುಗಳ ಪಟ್ಟಿಯಲ್ಲಲ್ಲ, ಅವನ್ನು ತೀರ್ಮಾನಿಸುವ ಬಗೆಯಲ್ಲಿ. ಪ್ರತಿ ತಾಲ್ಲೂಕಿಗೂ ಭೂನ್ಯಾಯಮಂಡಳಿಗಳು ಏರ್ಪಟ್ಟವು. ಸಹಾಯಕ ಆಯುಕ್ತರು ಅದರ ಅಧ್ಯಕ್ಷರು. ಉಳಿದವರು ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಪರಿಶಿಷ್ಟ ಜಾತಿಗೆ ಇಲ್ಲವೇ ಬುಡಕಟ್ಟಿಗೆ ಸೇರಿದ ಒಬ್ಬರಾದರೂ ಇರಲೇಬೇಕು. ಒಬ್ಬನು ಗೇಣಿದಾರನು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ನೋಡುವಂತಿರಲಿಲ್ಲ. ಅಲ್ಲಿ ಆ ಮಾತು ಎದ್ದರೆ ಅದನ್ನು ಮಂಡಳಿಗೆ ಕಳುಹಿಸಬೇಕು. ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಬಂದುದು 48ನೆಯ ಕಲಮಿನ ಎಂಟನೆಯ ಉಪಕಲಮು. ಯಾವ ವಕೀಲನೂ ನ್ಯಾಯಮಂಡಳಿಯ ಮುಂದೆ ಹಾಜರಾಗಕೂಡದೆಂದು ಅದು ನಿಷೇಧಿಸಿತ್ತು.

ಬಡವನಿಗೆ ನ್ಯಾಯ ದೊರಕಿಸಲು ದಾರಿಗಳು ಎರಡು. ಸರ್ಕಾರ ತನ್ನ ಖರ್ಚಿನಲ್ಲಿ ಅವನಿಗೊಬ್ಬ ವಕೀಲನನ್ನು ಕೊಡುವುದು ಒಂದು. ಎದುರಿನವನ ವಕೀಲನನ್ನೂ ಹೊರಗೆ ನಿಲ್ಲಿಸಿ, ಇಬ್ಬರನ್ನೂ ಬಾಯಿಮಾತಿಗೆ ಬಿಡುವುದು ಇನ್ನೊಂದು. ಅರಸು ಎರಡನೆಯದನ್ನು ಆರಿಸಿಕೊಂಡರು. ಆಗಿನ ಸ್ಥಿತಿಯನ್ನು ನೆನೆದರೆ ಈ ಆಯ್ಕೆ ಅರ್ಥವಾಗುತ್ತದೆ. ಬಂದ ಅರ್ಜಿಗಳು ಎಂಟು ಲಕ್ಷವನ್ನು ಮೀರಿದವು. ಅಷ್ಟು ಗೇಣಿದಾರರಿಗೆ ವಕೀಲರನ್ನು ಒದಗಿಸುವ ಹಣವಾಗಲಿ ಏರ್ಪಾಡಾಗಲಿ ದೇಶದ ಯಾವ ರಾಜ್ಯದಲ್ಲಿಯೂ ಇರಲಿಲ್ಲ. ಇದ್ದ ವಕೀಲರಲ್ಲಿ ಅನೇಕರು ಸ್ವತಃ ಭೂಮಾಲೀಕರ ಮನೆಗಳಿಂದ ಬಂದವರು. ವಕೀಲರನ್ನು ಎರಡೂ ಕಡೆಗೆ ಬಿಟ್ಟಿದ್ದರೆ ಒಂದು ಕಡೆ ಮಾತ್ರ ವಕೀಲರಿರುತ್ತಿದ್ದರೆಂಬುದನ್ನು ಹಳ್ಳಿಯನ್ನು ಬಲ್ಲ ಯಾರೂ ಊಹಿಸಬಹುದು.

ದೇವದುರ್ಗದ ಇಲ್ಲವೇ ಮಾನ್ವಿಯ ಒಕ್ಕಲು ಇಂಥ ಮಂಡಳಿಯ ಮುಂದೆ ನಿಂತಾಗ ಆದ ಬದಲಾವಣೆಯನ್ನು ಇಂದಿನ ವಿದ್ಯಾರ್ಥಿಗಳು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಅವನ ತಂದೆಯ ಕಾಲದಲ್ಲಿ ನ್ಯಾಯಪೀಠದ ಮಾತು ತಿಳಿಯದ ಭಾಷೆಯಲ್ಲಿತ್ತು. ಈಗ ವಿಚಾರಣೆ ಅವನ ತಾಲ್ಲೂಕಿನಲ್ಲಿಯೇ, ಕನ್ನಡದಲ್ಲಿಯೇ ನಡೆಯಿತು. ಹೊಲಕ್ಕೆ ಬಾಂದು ಎಲ್ಲಿದೆ, ಪಾಲಿನ ಜೋಳವನ್ನು ಯಾರ ಕಣದಿಂದ ಯಾರ ಹಗೇವಿಗೆ ಸಾಗಿಸಲಾಯಿತು, ಪಕ್ಕದ ಹೊಲದವರು ಯಾರನ್ನು ನೇಗಿಲ ಹಿಂದೆ ಕಂಡಿದ್ದಾರೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಹೇಳಲು ಓದುಬರಹ ಬೇಕಿರಲಿಲ್ಲ. ಒಡೆಯನೆದುರು ತಲೆಯೆತ್ತಿ ಉತ್ತರ ಹೇಳುವುದೇ ಹಲವರಿಗೆ ಕಾನೂನಿಗಿಂತ ಕಠಿಣವಾದ ಪರೀಕ್ಷೆಯಾಗಿತ್ತು.

ಹಾಗೆಂದು ಎಲ್ಲ ಕಡೆಗೂ ಒಂದೇ ಫಲ ದೊರೆಯಲಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಗೇಣಿಚೀಟಿಗಳಿದ್ದವು, ರೈತರ ಸಂಘಗಳಿದ್ದವು, ಅಕ್ಷರ ಬಲ್ಲವರು ಹೆಚ್ಚಾಗಿದ್ದರು. ಅರ್ಜಿಗಳೂ ಗೆಲುವುಗಳೂ ಅಲ್ಲಿಯೇ ಹೆಚ್ಚು. ರಾಯಚೂರಿನಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ಗೇಣಿಯೆಂಬುದು ಬಹುಮಟ್ಟಿಗೆ ಬಾಯಿಮಾತಿನ ಪಾಲು. 1950ರ ಕಾಯಿದೆಯ ಕಾಲಕ್ಕೇ ಹೆಬ್ಬೆಟ್ಟು ಒತ್ತಿ ಹೊಲ ಬಿಟ್ಟವರ ಹೆಸರು ಪಹಣಿಯಲ್ಲಿ ಉಳಿದಿರಲಿಲ್ಲ. ಪಹಣಿ ಬರೆಯುವ ಕೈ ಯಾರದಾಗಿತ್ತು, ಆ ಕೈ ಯಾರ ಮನೆಯ ಋಣದಲ್ಲಿತ್ತು ಎಂಬುದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಅರ್ಜಿಗೆ ಕೊಟ್ಟ ಗಡುವನ್ನು ಸರ್ಕಾರ ಮತ್ತೆ ಮತ್ತೆ ಮುಂದೂಡಿ, ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿತು. ಒಟ್ಟಿನಲ್ಲಿ ರಾಜ್ಯದ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಗೇಣಿದಾರರಿಗೆ ಹಕ್ಕು ದೊರೆಯಿತು.

ಅರಸರ ಏರ್ಪಾಡಿನಲ್ಲಿ ಕುಂದುಗಳಿದ್ದವು. ವಕೀಲನಿಗೆ ಬಾಗಿಲು ಮುಚ್ಚಿದರೂ ವಿದ್ಯೆಗೆ ಬಾಗಿಲು ಮುಚ್ಚಲು ಬರುವುದಿಲ್ಲ. ಓದಿದ ಒಡೆಯನು ತನ್ನ ವಾದವನ್ನು ತಾನೇ ಹೂಡಬಲ್ಲನು. ಮನೆಯಲ್ಲಿ ವಕೀಲನಿಂದ ಕಲಿತು ಬಂದು ಮಂಡಳಿಯ ಮುಂದೆ ಹೇಳಬಲ್ಲನು. ಗೇಣಿದಾರನಿಗೆ ಆ ಅನುಕೂಲವಿರಲಿಲ್ಲ. ಸದಸ್ಯರಲ್ಲಿ ಹಲವರಿಗೆ ವಿಚಾರಣೆಯ ಕ್ರಮ ತಿಳಿಯದು. ಸಾಕ್ಷ್ಯ ಬರೆದುಕೊಳ್ಳದೆ, ಕಾರಣ ಹೇಳದೆ, ಎರಡು ಸಾಲಿನಲ್ಲಿ ತೀರ್ಪು ಮುಗಿಸಿದ ಪ್ರಸಂಗಗಳು ಹೇರಳವಾಗಿದ್ದವು. ಮಂಡಳಿಯ ತೀರ್ಪೇ ಕೊನೆಯದು, ಮೇಲ್ಮನವಿಯಿಲ್ಲ ಎಂಬುದು ಮೊದಲ ನಿಯಮ. ಆದರೆ ಸಂವಿಧಾನ ಕೊಟ್ಟ ರಿಟ್ ಅಧಿಕಾರವನ್ನು ರಾಜ್ಯದ ಕಾಯಿದೆ ಕಿತ್ತುಕೊಳ್ಳಲಾರದು. ಸಾವಿರಾರು ಪ್ರಕರಣಗಳು ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ಹೋದವು. ಸಹಜ ನ್ಯಾಯದ ನಿಯಮ ಪಾಲಿಸಿಲ್ಲವೆಂದು ಎಷ್ಟೋ ತೀರ್ಪುಗಳು ಮರುವಿಚಾರಣೆಗೆ ಹಿಂದಿರುಗಿದವು. ತಾಲ್ಲೂಕಿನಲ್ಲಿ ವಕೀಲನಿಲ್ಲದೆ ಗೆದ್ದ ಮಾನ್ವಿಯ ರೈತ, ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ವಕೀಲನಿಲ್ಲದೆ ಆ ಗೆಲುವನ್ನು ಉಳಿಸಿಕೊಳ್ಳಲಾರದವನಾದನು. ಕೆಳಗೆ ಮುಚ್ಚಿದ ಬಾಗಿಲು ಮೇಲೆ ತೆರೆದೇ ಇತ್ತು. ಅಲ್ಲಿ ಒಳಗೆ ಹೋಗಲು ಮತ್ತೆ ಹಣ ಬೇಕಾಯಿತು. ಅರಸು ಹೂಡಿದ ವ್ಯವಸ್ಥೆಯ ನಿಜವಾದ ಬಿರುಕು ಇದೇ ಎನ್ನಬೇಕು.

ಸಾಲದ ವಿಷಯದಲ್ಲಿಯೂ ಅರಸು ಇದೇ ನಿಟ್ಟಿನಲ್ಲಿ ನಡೆದರು. 1976ರ ಋಣಪರಿಹಾರ ಕಾಯಿದೆ ಸಣ್ಣ ರೈತರ, ಭೂರಹಿತ ಕೂಲಿಗಾರರ, ದುರ್ಬಲ ವರ್ಗದವರ ಹಳೆಯ ಸಾಲಗಳನ್ನು ಇಲ್ಲವಾಗಿಸಿತು. ಅಂಥ ಸಾಲಕ್ಕಾಗಿ ಸಿವಿಲ್ ನ್ಯಾಯಾಲಯ ದಾವೆಯನ್ನೇ ತೆಗೆದುಕೊಳ್ಳಕೂಡದು. ಒತ್ತೆಯಿಟ್ಟ ಪಾತ್ರೆ ಒಡವೆಗಳನ್ನು ಸಾಹುಕಾರನು ಹಿಂದಕ್ಕೆ ಕೊಡಬೇಕು. ಪ್ರತಿವಾದಿಯಾಗಿ ನಿಲ್ಲಲು ಶಕ್ತಿಯಿಲ್ಲದವನನ್ನು ಪ್ರತಿವಾದಿಯಾಗದಂತೆಯೇ ತಪ್ಪಿಸುವುದು ಇಲ್ಲಿಯ ಉಪಾಯ. ಅದೇ ವರ್ಷ ಕೇಂದ್ರದ ಕಾಯಿದೆಯಿಂದ ಜೀತಪದ್ಧತಿಯೂ ನಿಷಿದ್ಧವಾಯಿತು. ಸಾಲಕ್ಕೆ ಮಗನನ್ನು ಜೀತಕ್ಕಿಡುವುದು ಎಡೆದೊರೆಯ ಹಳ್ಳಿಗಳಿಗೆ ಹೊಸದಾಗಿರಲಿಲ್ಲವಾದ್ದರಿಂದ ಈ ಎರಡು ಕಾಯಿದೆಗಳೂ ಅಲ್ಲಿ ಒಂದೇ ಗಂಟನ್ನು ಎರಡು ಕಡೆಯಿಂದ ಬಿಚ್ಚಹೊರಟಂತಾಯಿತು. ಕೈಸಾಲ ನಿಂತುಹೋಗಿ ಬಿತ್ತನೆಯ ಕಾಲಕ್ಕೆ ಬಡವರು ಪರದಾಡಿದ್ದೂ ಉಂಟು.

ಇನ್ನೊಂದು ದಾರಿಯ, ಎಂದರೆ ಸರ್ಕಾರವೇ ಬಡವನಿಗೆ ವಕೀಲನನ್ನು ಕೊಡುವ ದಾರಿಯ, ಆಲೋಚನೆಯೂ ಇದೇ ವರ್ಷಗಳಲ್ಲಿ ದೇಶದಲ್ಲಿ ಮೊಳೆಯಿತು. ವಿ. ಆರ್. ಕೃಷ್ಣ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ 1973ರಲ್ಲಿ ಉಚಿತ ಕಾನೂನು ನೆರವಿನ ಬಗ್ಗೆ ವರದಿ ಒಪ್ಪಿಸಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಆದ ತಿದ್ದುಪಡಿಯಲ್ಲಿ ಪಾಪರ್ ಎಂಬ ಹಳೆಯ ಮಾತು ಹೋಗಿ ನಿರ್ಗತಿಕನೆಂಬ ಅರ್ಥದ ಬೇರೆ ಮಾತು ಬಂದಿತು. ವಕೀಲನಿಲ್ಲದ ನಿರ್ಗತಿಕನಿಗೆ ನ್ಯಾಯಾಲಯವೇ ವಕೀಲನನ್ನು ಗೊತ್ತುಮಾಡಬಹುದೆಂಬ ನಿಯಮವೂ ಸೇರಿತು. ಅದೇ ವರ್ಷದ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ಎಂಬ ವಿಧಿ ಸೇರಿ, ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪದಂತೆ ನೋಡಿಕೊಳ್ಳುವುದು ರಾಜ್ಯದ ಕರ್ತವ್ಯಗಳಲ್ಲಿ ಒಂದಾಯಿತು. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ನ್ಯಾಯಾಲಯಗಳ ಅಧಿಕಾರವನ್ನು ಬಹಳವಾಗಿ ಮೊಟಕುಗೊಳಿಸಿದ ತಿದ್ದುಪಡಿಯೇ ಬಡವನನ್ನು ನ್ಯಾಯಾಲಯದ ಒಳಗೆ ಕರೆದುಕೊಂಡು ಹೋಗುವ ಮಾತನ್ನೂ ಆಡಿತೆಂಬುದು ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

ಅರಸು ಅವರೂ ಆ ಕಾಲದ ಬಿಸಿಲು ನೆರಳುಗಳೆರಡಕ್ಕೂ ಸೇರಿದವರು. ತುರ್ತು ಪರಿಸ್ಥಿತಿಯಲ್ಲಿ ಅವರ ರಾಜ್ಯದಲ್ಲಿಯೂ ವಿರೋಧ ಪಕ್ಷದವರು ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದರು. ಪಕ್ಷಕ್ಕೆ ಹಣ ಕೂಡಿಸುವ ವಿಷಯದಲ್ಲಿ ಅವರು ಕಣ್ಣುಮುಚ್ಚಿಕೊಂಡರೆಂಬ ದೂರು ಬಲವಾಗಿತ್ತು. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ಅದನ್ನು ಪ್ರಶ್ನಿಸಿ ಕರ್ನಾಟಕ ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಬಹುಮತದ ತೀರ್ಪು ರಾಜ್ಯಕ್ಕೆ ವಿರುದ್ಧವಾಯಿತು. ಆ ವರ್ಷದ ಕೊನೆಯ ದಿನ ರಾಷ್ಟ್ರಪತಿ ಆಳ್ವಿಕೆ ಬಂದಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಿದರು. 1978ರ ಫೆಬ್ರವರಿ 28ರಂದು ಅರಸು ಎರಡನೆಯ ಸಲ ಮುಖ್ಯಮಂತ್ರಿಯಾದರು. ಅದೇ ವರ್ಷ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಲೋಕಸಭೆಗೆ ಕಳುಹಿಸುವುದರಲ್ಲಿ ಮುಂದಾಳಾಗಿದ್ದವರು, ಮರುವರ್ಷವೇ ಅವರೊಡನೆ ವಿರಸಗೊಂಡು ಪಕ್ಷದಿಂದ ಹೊರಬಿದ್ದರು. 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ನಿನ್ನೆಯವರೆಗೆ ಬಾಗಿಲು ಕಾಯುತ್ತಿದ್ದ ಶಾಸಕರು ಬೆಳಗಾಗುವುದರೊಳಗೆ ಬೇರೆ ಬಾಗಿಲು ಹಿಡಿದರು. ಅರಸು ಕ್ರಾಂತಿರಂಗವೆಂಬ ಹೊಸ ಪಕ್ಷ ಕಟ್ಟಲು ಹೊರಟಿದ್ದಾಗ, 1982ರ ಜೂನ್ 6ರಂದು ತೀರಿಕೊಂಡರು. ಅವರಿಗೆ ಆಗ ಅರವತ್ತೇಳು ತುಂಬಿರಲಿಲ್ಲ.

ಅವರು ತೀರಿಕೊಂಡಾಗ ಏಳನೆಯ ನಮೂನೆಯ ಅರ್ಜಿಗಳಲ್ಲಿ ಹಲವು ಇನ್ನೂ ಮಂಡಳಿಗಳ ಮುಂದೆಯೂ ಉಚ್ಚ ನ್ಯಾಯಾಲಯದ ಮುಂದೆಯೂ ಇದ್ದವು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳನ್ನು ಏರ್ಪಡಿಸಿ, ಕೆಲವೇ ವರ್ಷಗಳಲ್ಲಿ ಅವನ್ನು ರದ್ದುಮಾಡಲಾಯಿತು. 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು ಭೂಸುಧಾರಣಾ ಕಾಯಿದೆಯ ಉಳಿದ ಭಾಗಗಳನ್ನು ಎತ್ತಿಹಿಡಿದರೂ ವಕೀಲರನ್ನು ನಿಷೇಧಿಸಿದ ಉಪಕಲಮನ್ನು ಮಾತ್ರ ತಳ್ಳಿಹಾಕಿತು. ವಕೀಲರು ಎಲ್ಲೆಲ್ಲಿ ವೃತ್ತಿ ನಡೆಸಬಹುದೆಂಬುದು 1961ರ ಅಡ್ವೊಕೇಟರ ಕಾಯಿದೆಗೆ, ಎಂದರೆ ಸಂಸತ್ತಿಗೆ ಸೇರಿದ ವಿಷಯ. ಅದರಲ್ಲಿ ರಾಜ್ಯದ ವಿಧಾನಮಂಡಲ ಕೈಹಾಕುವಂತಿಲ್ಲ ಎಂಬುದು ಅದರ ನಿಲುವು. ಅರಸು ಮುಚ್ಚಿದ್ದ ಬಾಗಿಲು ಹೀಗೆ ಅವರು ಹೋದ ಐದು ವರ್ಷಕ್ಕೆ ತೆರೆಯಿತು. ಅದೇ 1987ರಲ್ಲಿ ಸಂಸತ್ತು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯನ್ನು ಅಂಗೀಕರಿಸಿತು. ಅದು ಜಾರಿಗೆ ಬರಲು ಮಾತ್ರ 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು. ಈ ನಡುವಣ ಎಂಟು ವರ್ಷಗಳಲ್ಲಿ ಮಂಡಳಿಯ ಮುಂದೆ ಒಡೆಯನ ಪರವಾಗಿ ವಕೀಲನು ಬರಬಹುದಾಗಿತ್ತು. ಗೇಣಿದಾರನಿಗೆ ವಕೀಲನನ್ನು ಹಕ್ಕಿನಿಂದ ಕೊಡಿಸುವ ಕಾಯಿದೆ ಇನ್ನೂ ಜಾರಿಯಾಗಿರಲಿಲ್ಲ.

ಇಂದು ಆ ಕಾಯಿದೆಯ ಮೇರೆಗೆ ಪರಿಶಿಷ್ಟ ಜಾತಿ ಮತ್ತು ಬುಡಕಟ್ಟಿನವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಜೀತಕ್ಕೆ ಸಿಲುಕಿದವರು, ನಿಗದಿಯಾದ ಮಿತಿಗಿಂತ ಕಡಿಮೆ ವರಮಾನವುಳ್ಳವರು ಸಿವಿಲ್ ದಾವೆಗಳಲ್ಲಿಯೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯಬಹುದು. ಹೊಲದ ಪಾಲು, ಜೀವನಾಂಶ, ಮನೆಯಿಂದ ಹೊರಹಾಕುವ ವ್ಯಾಜ್ಯ ಎಲ್ಲವೂ ಇದರಲ್ಲಿ ಸೇರುತ್ತವೆ. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಮುಗಿಸಿಕೊಂಡರೆ ಕಟ್ಟಿದ ಶುಲ್ಕವೂ ಹಿಂದಕ್ಕೆ ಬರುತ್ತದೆ. ರಾಯಚೂರಿನಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ದೇವದುರ್ಗ, ಮಾನ್ವಿಗಳಲ್ಲಿ ತಾಲ್ಲೂಕು ಸಮಿತಿಗಳಿವೆ. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠ ಆರಂಭವಾದ ಮೇಲೆ ಈ ಸೀಮೆಯವರು ರಿಟ್ಟಿಗಾಗಿ ಬೆಂಗಳೂರಿಗೆ ಹೋಗಬೇಕಾದ ಪ್ರಮೇಯವೂ ತಪ್ಪಿದೆ. ನೆರವು ಕೇಳಿ ಬಂದವರಿಗೆ ಬರೆಯಲು ಬಾರದಿದ್ದರೆ, ಸಮಿತಿಯವರೇ ಅವರ ಮಾತನ್ನು ಕೇಳಿ ಅರ್ಜಿಯಲ್ಲಿ ತುಂಬಿ, ಅನಂತರ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಪಡೆಯಬೇಕೆಂದು 2010ರ ನಿಯಮಗಳು ಹೇಳುತ್ತವೆ.